ಕೆಮ್ಮಣ್ಣು: ಬಿಡಿಸಿ ಬರೆಯಿರಿ

‘ಕವಿತೆಯ ಆಶಯವನ್ನು ಬೆಳೆಸುವಲ್ಲಿ ಪ್ರಾಸ, ಲಯ, ಪ್ರತಿಮೆಗಳ ಪಾತ್ರವೇನು? ವಿವರಿಸಿ.’ ಈ ಪ್ರಶ್ನೆಯನ್ನು ನಾನು ಎಷ್ಟು ಸಲ ಪ್ರಶ್ನೆಪತ್ರಿಕೆಗೆ ಹಾಕಿದ್ದೇನೋ ನನಗೇ ಗೊತ್ತಿಲ್ಲ. ಹೊಸಪೇಟೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುವವಳು ನಾನು. ಮಕ್ಕಳು ಬರೆಯುವ ಉತ್ತರವೂ ಪ್ರತಿ ವರ್ಷ ಅದೇ. ‘ಕವಿಗಳು ಪ್ರಾಸವನ್ನು ಸುಂದರವಾಗಿ ಬಳಸಿದ್ದಾರೆ. ಆದ್ದರಿಂದ ಕವಿತೆ ಸುಂದರವಾಗಿ ಮೂಡಿಬಂದಿದೆ.’ ಅರ್ಧ ಅಂಕ ಕೊಟ್ಟು ಮುಂದಿನ ಪುಟ ತಿರುಗಿಸುತ್ತೇನೆ. ಮಕ್ಕಳನ್ನು ಬೈದು ಪ್ರಯೋಜನವಿಲ್ಲ, ಗೈಡಿನಲ್ಲಿ ಇರುವುದೇ ಅದು.

ತರಗತಿಯಲ್ಲಿ ನಾನು ಬೇರೆ ರೀತಿ ಹೇಳಲು ನೋಡುತ್ತೇನೆ. ಪ್ರಾಸ ಎಂದರೆ ಮದುವೆ ಮನೆಯ ಸೀರಿಯಲ್ ಸೆಟ್ ಲೈಟ್ ಅಲ್ಲ ಕಣ್ರೋ, ಅದು ಎರಡು ಮಾತುಗಳನ್ನು ಎದುರುಬದುರು ಕೂರಿಸುತ್ತದೆ, ಕೂತ ಮೇಲೆ ಅವು ಏನು ಮಾತಾಡಿಕೊಳ್ಳುತ್ತವೆ ಅಂತ ಕಿವಿಗೊಟ್ಟು ಕೇಳಿ ಅನ್ನುತ್ತೇನೆ. ಸಾಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಯಾಕೆ ನಿಂತಿತು ಅಂತ ಕೇಳಿ ಅನ್ನುತ್ತೇನೆ. ಅವರು ತಲೆಯಾಡಿಸುತ್ತಾರೆ, ಬೆಲ್ಲು ಹೊಡೆಯುತ್ತದೆ, ಸಂಡೂರು ಬಸ್ಸು ಹಿಡಿಯುವವರು ಬ್ಯಾಗು ಎತ್ತಿಕೊಂಡು ಓಡುತ್ತಾರೆ. ಇಷ್ಟೇ ನನ್ನ ವಿದ್ಯೆ, ಇದರಿಂದಲೇ ನನ್ನ ಅನ್ನ. ಈ ವಿದ್ಯೆಯೇ ನನಗೆ ಬೇಡವೆನಿಸಿದ್ದು ನನ್ನ ಅಣ್ಣನ ಒಂದು ಕವಿತೆಯಿಂದ.

ಅಣ್ಣ ಸಂಡೂರಿನ ಹತ್ತಿರದ ಗಣಿಯೊಂದರಲ್ಲಿ ಕ್ರಷರ್ ನೋಡಿಕೊಳ್ಳುತ್ತಿದ್ದ. ಅದಿರಿನ ಗುಂಡುಗಳನ್ನು ಒಡೆದು ಪುಡಿ ಮಾಡುವ ಯಂತ್ರ ಅದು. ದುಡಿಮೆ ಅದಾದರೆ ಚಟ ಕವಿತೆ. ರಾಜ್ಯೋತ್ಸವ, ಗಣೇಶನ ಪೆಂಡಾಲು, ನಿವೃತ್ತಿಯ ಬೀಳ್ಕೊಡುಗೆ, ಎಲ್ಲಿ ಮೈಕು ಕಂಡರೂ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹಾಜರು. ‘ಕೆಮ್ಮಣ್ಣಿನ ನಾಡು, ಹೊನ್ನಿನ ಬೀಡು, ಕರುಳಿನ ಹಾಡು’ ಎಂದು ಅವನು ಶುರು ಮಾಡಿದರೆ ಅತ್ತಿಗೆ ಅಡುಗೆಮನೆಯಿಂದಲೇ ಮುಂದಿನ ಸಾಲು ಹೇಳುತ್ತಿದ್ದಳು. ನಾಡು ಬಂದರೆ ಬೀಡು ಬರಲೇಬೇಕು, ಅವೆರಡನ್ನೂ ಕಂಡರೆ ಹಾಡು ತಾನಾಗಿ ಓಡಿ ಬರುತ್ತದೆ ಎಂದು ನಾನು ಚುಡಾಯಿಸುತ್ತಿದ್ದೆ.

“ಲೇ ತಂಗಿ, ನೀ ಪದ್ಯ ಕಲಿಸಾಕಿ, ನಾ ಪದ್ಯ ಹುಟ್ಟಸಾಂವ. ಹೆರಿಗಿ ನೋವು ಸೂಲಗಿತ್ತಿಗೇನು ಗೊತ್ತು?” ಎಂದು ಅವನು ಮೀಸೆ ತಿರುವುತ್ತಿದ್ದ. ಅವನ ಕವಿತೆಗಳು ಕೆಟ್ಟವು. ಇದನ್ನು ಮುಚ್ಚಿಡುವುದಿಲ್ಲ. ಅವನಿಗಿದ್ದ ಒಂದೇ ಆಸೆ ಎಂದರೆ ಹಂಪಿಯಲ್ಲಿ ನಡೆಯುವ ಕವಿಗೋಷ್ಠಿಯ ವೇದಿಕೆ ಹತ್ತುವುದು. ಸಂಡೂರಿನ ಮೈಕುಗಳೆಲ್ಲ ಅವನಿಗೆ ಆ ಮೈಕಿನ ಅಭ್ಯಾಸ ಮಾತ್ರ.

ಕೆಮ್ಮು ಮೊದಲು ಎಲ್ಲರಿಗೂ ಬರುವ ಹಾಗೆಯೇ ಬಂತು. ಸಂಡೂರಿನಲ್ಲಿ ಕೆಮ್ಮನ್ನು ಯಾರೂ ಕಾಯಿಲೆ ಅನ್ನುವುದಿಲ್ಲ. ಶುಂಠಿ ಕಷಾಯ, ಬಿಸಿನೀರು, ಮುಖಕ್ಕೊಂದು ಟವೆಲು. ಅದೂ ಸಾಲದಾಗಿ ಬಳ್ಳಾರಿಯ ಆಸ್ಪತ್ರೆಗೆ ಹೋದಾಗ ಡಾಕ್ಟರು ಎಕ್ಸ್‌ರೇ ಫಿಲ್ಮನ್ನು ಬೆಳಕಿಗೆ ಹಿಡಿದು, ಎದೆಯೊಳಗೆ ಧೂಳು ಕೂತುಬಿಟ್ಟಿದೆ, ಕೂತದ್ದನ್ನು ಎಬ್ಬಿಸುವ ಔಷಧ ಇಲ್ಲ ಎಂದರು. ಇರುವಷ್ಟು ಕಾಲ ಸ್ವಲ್ಪ ಹಗುರಾಗಿ ಉಸಿರಾಡುವಂತೆ ಮಾಡಬಹುದು, ಅಷ್ಟೇ. ಅವತ್ತಿನಿಂದ ಅಣ್ಣ ಕೆಲಸ ಬಿಟ್ಟು ಮನೆಯಲ್ಲಿ ಕೂತ.

ಆ ದಿನಗಳಲ್ಲೇ ಕಾಲೇಜಿನಲ್ಲಿ ಕಿರುಪರೀಕ್ಷೆ ನಡೆಯಿತು. ವ್ಯಾಕರಣದ ಭಾಗದಲ್ಲಿ ‘ಕೆಮ್ಮಣ್ಣು: ಬಿಡಿಸಿ ಬರೆದು ಸಮಾಸ ಹೆಸರಿಸಿ’ ಎಂದು ಕೇಳಿದ್ದೆ. ಕೆಂಪಾದ ಮಣ್ಣು, ಕರ್ಮಧಾರಯ. ಹೊಸದಾಗಿ ಸೇರಿದವರಿಗೂ ಬರುವ ಉತ್ತರ. ಸಂಡೂರಿನ ಕಡೆಯಿಂದ ಬರುವ ಒಬ್ಬ ಹುಡುಗಿ ಮಾತ್ರ ‘ಕೆಮ್ಮಿನ ಮಣ್ಣು, ತತ್ಪುರುಷ’ ಎಂದು ಬರೆದಿದ್ದಳು. ಸ್ಟಾಫ್ ರೂಮಿನಲ್ಲಿ ಓದಿ ಹೇಳಿದೆ, ಎಲ್ಲರೂ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ತಪ್ಪು ಗುರುತು ಹಾಕಿ ಸೊನ್ನೆ ಕೊಟ್ಟೆ.

ಭಾನುವಾರ ಚಿತ್ತವಾಡ್ಗಿಯ ನನ್ನ ಮನೆಯಿಂದ ಆಟೋ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದು ಸಂಡೂರಿನ ಬಸ್ಸು ಹತ್ತಿದೆ. ಅಣ್ಣನನ್ನು ನಗಿಸಲು ಏನಾದರೂ ಬೇಕಿತ್ತು. ಈ ಉತ್ತರವನ್ನು ಹೇಳಿದೆ. ಅವನು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ. ಅತ್ತಿಗೆ ಬಂದು ಬೆನ್ನು ತಿಕ್ಕಿದಳು, ನನ್ನನ್ನು ದುರುಗುಟ್ಟಿ ನೋಡಿದಳು.

“ನಗಸಬ್ಯಾಡ್ರಿ ಇವರ್ನ. ನಗೋದೂ ಆಗಂಗಿಲ್ಲ ಈಗ,” ಎಂದಳು.

ಉಸಿರು ಹತೋಟಿಗೆ ಬಂದ ಮೇಲೆ ಅಣ್ಣ ಕೇಳಿದ: “ಆ ಹುಡುಗಿಗೆ ಮಾರ್ಕ್ಸ್ ಕೊಟ್ಟಿ ಇಲ್ಲೋ?”

“ತಪ್ಪು ಬರದಾಳ. ಹೆಂಗ ಕೊಡ್ಲಿ?”

“ತಪ್ಪು ಹೆಂಗಾತು? ಒಡದು ನೋಡ್ಯಾಳ, ಒಳಗಿದ್ದದ್ದು ಬರದಾಳ.” ಇಷ್ಟು ಹೇಳಿ ಅವನು ಕಿಟಕಿಯ ಕಡೆ ತಿರುಗಿ ಕೂತ. ಹೊರಗೆ ಬೀದಿಯ ಗೋಡೆಗಳು, ಬೇವಿನ ಮರದ ಎಲೆ, ಒಣಹಾಕಿದ ಬಟ್ಟೆ ಎಲ್ಲದರ ಮೇಲೂ ಅದಿರಿನ ಧೂಳಿನ ಆ ಕೆಂಪು ಇತ್ತು. ನಾವು ಹುಟ್ಟಿದಾಗಿನಿಂದ ಕಂಡ ಕೆಂಪು. ಆವತ್ತು ನನಗೆ ಅದರ ಮೇಲೆ ಸಿಟ್ಟು ಬಂತು.

ಧೂಳಿಲ್ಲದ ಕಡೆ ಇರಲಿ ಎಂದು ಅತ್ತಿಗೆ ಅವನನ್ನು ಕಂಪ್ಲಿಗೆ, ತನ್ನ ತವರಿಗೆ ಕರೆದುಕೊಂಡು ಹೋದಳು. ಅಲ್ಲಿ ಕಾಲುವೆಯ ನೀರು, ಭತ್ತದ ಗದ್ದೆ, ಕಣ್ಣು ಹಾಯುವವರೆಗೆ ಹಸಿರು. ಅಣ್ಣನಿಗೆ ಆ ಊರು ಹಿಡಿಸಲಿಲ್ಲ. “ಇಲ್ಲಿ ಗಾಳಿ ಭಾಳ ಸ್ವಚ್ಛ ಐತಿ. ನನ್ನ ಎದಿಗೆ ಇದು ಪರಕೀಯ,” ಎಂದು ಫೋನಿನಲ್ಲಿ ಗೊಣಗಿದ. ಆಮೇಲೆ, “ಒಂದು ಪದ್ಯ ಹತ್ತೇತಿ. ಕೇಳ್ತಿ?” ಎಂದ.

ನಾಡು, ಬೀಡು ಬರುತ್ತದೆ ಎಂದು ಕಾದೆ. ಅವನು ಹೇಳಿದ್ದು ಇದು:

ಕೆಂಪಂದ್ರು
ನಾಡಂದ್ರು
ಹಾಡಂದ್ರು
ನಾನೂ ಹಾಡಿದೆ

ಪ್ರತಿ ಸಾಲಿಗೂ ಒಂದು ಬಿಡುವು. ಆ ಬಿಡುವಿನಲ್ಲಿ ಅವನು ಉಸಿರನ್ನು ಎಳೆದುಕೊಳ್ಳುವ ಸದ್ದು ಫೋನಿನಲ್ಲಿ ಸ್ಪಷ್ಟವಾಗಿ ಕೇಳಿಸಿತು. ಮೊದಲೆಲ್ಲ ಒಂದೇ ಉಸಿರಿಗೆ ಇಡೀ ಚರಣ ಹೇಳಿ ಮುಗಿಸುತ್ತಿದ್ದವನು ಅವನು. ಸಾಲು ಎಲ್ಲಿ ನಿಲ್ಲಬೇಕೆಂದು ಈಗ ಅವನ ಎದೆ ತೀರ್ಮಾನಿಸುತ್ತಿತ್ತು. ಹಳೆಯ ನಾಡು, ಹಳೆಯ ಹಾಡು ಅಲ್ಲೇ ಇದ್ದವು, ಆದರೆ ‘ಅಂದ್ರು’ ಎಂಬ ಒಂದು ಮಾತು ಸೇರಿಕೊಂಡು ಅವುಗಳ ಬಣ್ಣ ಇಳಿಸಿಬಿಟ್ಟಿತ್ತು. ಯಾರೋ ಅಂದರು, ಇವನೂ ಹಾಡಿದ. ಮೂವತ್ತು ಕವಿತೆಗಳ ಜಂಬವನ್ನು ನಾಲ್ಕು ಸಾಲಿನಲ್ಲಿ ತಾನೇ ಒಡೆದು ಹಾಕಿದ್ದ. ಛಲೋ ಐತಣ್ಣ ಎಂದೆ.

“ಛಲೋ ಅಂದ್ರ ಅರ್ಧ ಮಾರ್ಕ್ಸ್ ಏನು?” ಎಂದು ನಕ್ಕ, ಕೆಮ್ಮಿದ, ಫೋನು ಅತ್ತಿಗೆಯ ಕೈಗೆ ಹೋಯಿತು.

ಎರಡನೆಯ ಚರಣ ಬರಲು ಬಹಳ ದಿನ ಹಿಡಿಯಿತು. ನಾನು ಕಂಪ್ಲಿಗೆ ಹೋದಾಗ ಅಂಗಳದ ಕುರ್ಚಿಯಲ್ಲಿ ಕೂತು ಹೇಳಿದ:

ಕೆಮ್ಮಣ್ಣ
ಒಡದು ನೋಡಿದೆ
ಕೆಮ್ಮ ಸಿಕ್ತು
ಮಣ್ಣ ಸಿಕ್ತು

ಹುಡುಗಿಯ ತಪ್ಪು ಉತ್ತರ ಅವನೊಳಗೆ ಹೋಗಿ ಇದಾಗಿ ಬಂದಿತ್ತು. ಜೀವಮಾನವಿಡೀ ಕಲ್ಲು ಒಡೆದವನು ಈಗ ಒಂದು ಪದವನ್ನು ಒಡೆದಿದ್ದ. ನಮ್ಮ ಕಡೆ ಮಣ್ಣನ್ನು ಮಣ್ಣ ಎಂದೂ ಕೆಮ್ಮನ್ನು ಕೆಮ್ಮ ಎಂದೂ ಮೊಟಕು ಮಾಡಿ ಆಡುತ್ತೇವಲ್ಲ, ಆ ಮೊಟಕು ಅವನಿಗೆ ಒದಗಿತ್ತು. ನಾಡು, ಹಾಡು, ಒಡದು ಎಂದು ಸಾಲುಗಳ ಎರಡನೆಯ ಅಕ್ಷರದಲ್ಲಿ ಡಕಾರ ಮತ್ತೆ ಮತ್ತೆ ಬೀಳುತ್ತಿತ್ತು, ಅದು ಹಳಗನ್ನಡದ ಕವಿಗಳು ಪ್ರಾಸ ಇಡುತ್ತಿದ್ದ ಜಾಗ. ಇದು ಅವನಿಗೆ ತಿಳಿದು ಬಂತೋ, ಕ್ರಷರ್ ಪಕ್ಕ ನಿಂತ ಕಿವಿಯಿಂದ ತಾನಾಗಿ ಬಂತೋ ಕೇಳಲಿಲ್ಲ. ಕೇಳಿದ್ದರೆ ಎಲ್ಲವೂ ತಿಳಿದೇ ಮಾಡಿದ್ದು ಎನ್ನುತ್ತಿದ್ದ.

ಅವತ್ತು ಸಂಜೆ ಹೊಸಪೇಟೆಗೆ ಮರಳುವಾಗ ಬಸ್ಸಿನಲ್ಲಿ ನನಗೆ ಅಳು ಬಂತು. ಕವಿತೆ ಚೆನ್ನಾಗಿತ್ತು. ಅಷ್ಟು ವರ್ಷ ಅವನಿಗೆ ಬಾರದ ಕವಿತೆ ಈಗ ಬರುತ್ತಿತ್ತು, ಬರುತ್ತಿದ್ದುದು ಅವನ ಉಸಿರು ತೀರುತ್ತಿದ್ದುದರಿಂದ. ಅವನು ಇನ್ನೂ ಮೂವತ್ತು ವರ್ಷ ನಾಡು-ಬೀಡು ಎಂದು ಹಾಡಿಕೊಂಡಿದ್ದರೆ ನನಗೆ ಸಾಕಾಗಿತ್ತು. ಈ ಒಳ್ಳೆಯ ಕವಿತೆ ನನಗೆ ಬೇಡವಾಗಿತ್ತು.

ಮೂರನೆಯ ಚರಣಕ್ಕೆ ಕಾರಣ ಸಂಡೂರಿನ ಅವನ ಬೀದಿಯ ಹುಡುಗರು. ಅವನು ಅಲ್ಲಿದ್ದಾಗ ಬಾಗಿಲಲ್ಲಿ ಕೆಮ್ಮುತ್ತಾ ಕೂತಿರುತ್ತಿದ್ದನಲ್ಲ, ಅವನಿಗೆ ‘ಕೆಮ್ಮಣ್ಣ’ ಎಂದು ಹೆಸರಿಟ್ಟಿದ್ದರು. ಕೆಮ್ಮುವ ಅಣ್ಣ. ಅತ್ತಿಗೆ ಕಸಬರಿಗೆ ಹಿಡಿದು ಓಡಿಸಿದರೂ ಹೆಸರು ಹೋಗಲಿಲ್ಲ. ಅಣ್ಣನಿಗೆ ಅದನ್ನು ಕೇಳಿ ಬೇಸರವಾಗಿತ್ತು ಅಂದುಕೊಂಡಿದ್ದೆ. ಅವನು ಅದನ್ನೂ ಜೋಪಾನವಾಗಿ ಇಟ್ಟುಕೊಂಡಿದ್ದ:

ಕೂಡಿಸಿ ಕರದ್ರು
ಹುಡುಗ್ರು
ಕೆಮ್ಮಣ್ಣ
ಓ ಅಂದೆ

“ಇನ್ನೊಂದು ನುಡಿ ಐತಿ,” ಎಂದ. “ನಾಕು ಸಾಲು. ಅದು ಈಗ ಹೇಳಂಗಿಲ್ಲ. ಹಂಪಿ ಸ್ಟೇಜಿನ ಮ್ಯಾಲೆ ಕೇಳು. ಅಲ್ಲೀತನಕ ಯಾರಿಗೂ ಹೇಳಂಗಿಲ್ಲ, ನಿಮ್ಮ ಅತ್ತಿಗಿಗೂ.” ಕಾಯಿಲೆ ಅವನ ದೇಹವನ್ನು ತಿಂದಿತ್ತು, ಜಂಬವನ್ನು ಮುಟ್ಟಿರಲಿಲ್ಲ. ನನಗೆ ಅದರಿಂದ ಸ್ವಲ್ಪ ಸಂತೋಷವೇ ಆಯಿತು.

ಗೋಷ್ಠಿ ನಡೆಸುವ ಬಳಗದವರಿಗೆ ನಾನೇ ಫೋನು ಮಾಡಿ ಮೂರು ಚರಣಗಳನ್ನು ಓದಿ ಹೇಳಿದೆ. ಅವರು ಒಪ್ಪಿದರು, ಸಂತೋಷದಿಂದಲೇ ಒಪ್ಪಿದರು. ಡಾಕ್ಟರು ಬೇಡ ಎಂದರು. ಅತ್ತಿಗೆ ಅತ್ತಳು, ಜಗಳವಾಡಿದಳು. ಕೊನೆಗೆ “ಬ್ಯಾಡ ಅಂದ್ರ ಕೇಳೋ ಪೈಕಿ ಅಲ್ಲ ಈ ಮನಷಾ. ನೀವು ಸಂಗಾಟ ಇರ್ತೀರಿ ಅಂದ್ರ ಕಳಸ್ತೀನಿ, ನಾನೂ ಬರ್ತೀನಿ,” ಎಂದಳು. ಅಣ್ಣನ ಬಿಳಿ ಅಂಗಿಯನ್ನು ಅವಳೇ ಇಸ್ತ್ರಿ ಮಾಡಿದಳು. ಅದು ಅವನಿಗೆ ಈಗ ತುಂಬ ದೊಡ್ಡದಾಗಿತ್ತು.

ಕಾರಿನಲ್ಲಿ ರಾಮಸಾಗರ ದಾಟಿ ಕಮಲಾಪುರದ ಮೇಲೆ ಹಂಪಿಗೆ ಹೋದೆವು. ದಾರಿಯುದ್ದಕ್ಕೂ ಅವನ ತುಟಿ ಆಡುತ್ತಿತ್ತು. ಕೊನೆಯ ನಾಲ್ಕು ಸಾಲು ಇರಬೇಕು. ನಾನು ಕಿವಿ ಕೊಟ್ಟರೆ ಬಾಯಿ ಮುಚ್ಚಿಕೊಂಡು, ನನ್ನನ್ನು ಕಳ್ಳಿ ಎಂಬಂತೆ ನೋಡುತ್ತಿದ್ದ.

ಶಾಮಿಯಾನದ ಕೆಳಗೆ ಜನ ಚೆನ್ನಾಗಿ ಸೇರಿದ್ದರು. ಬೆಳಗಿನಿಂದ ಕವಿಗಳು ಓದುತ್ತಲೇ ಇದ್ದರು, ಒಬ್ಬೊಬ್ಬರೂ ಇನ್ನೊಂದು ಇನ್ನೊಂದು ಎಂದು ಎಳೆದು ಹೊತ್ತು ಮೀರಿತ್ತು. ನಿರೂಪಣೆ ಮಾಡುತ್ತಿದ್ದ ಯುವಕ ಅಣ್ಣನ ಹೆಸರು ಕರೆದಾಗ, ತಾನೇ ಕೆಳಗಿಳಿದು ಬಂದು ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಮೈಕನ್ನು ಅವನ ಎತ್ತರಕ್ಕೆ ತಗ್ಗಿಸಿದ. ಒಳ್ಳೆಯ ಹುಡುಗ. ನಾನು, ಅತ್ತಿಗೆ ಮುಂದಿನ ಸಾಲಿನಲ್ಲಿ ಕೂತಿದ್ದೆವು.

ಅಣ್ಣ ಮೈಕಿನ ಕಂಬ ಹಿಡಿದುಕೊಂಡು ಶುರು ಮಾಡಿದ. ಕೆಂಪಂದ್ರು. ಉಸಿರು. ನಾಡಂದ್ರು. ಉಸಿರು. ಜನರ ಗುಸುಗುಸು ನಿಂತಿತು. ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ಶಾಮಿಯಾನದಲ್ಲಿ ಸೂಜಿ ಬಿದ್ದರೂ ಕೇಳುವಷ್ಟು ಸದ್ದಡಗಿತ್ತು. ಅವನ ಉಸಿರಿನ ಎಳೆತ ಮೈಕಿನಲ್ಲಿ ದೊಡ್ಡದಾಗಿ ಕೇಳುತ್ತಿತ್ತು, ಅದೂ ಕವಿತೆಯ ಭಾಗವೇ ಎಂಬಂತೆ ಜನ ಕೇಳಿಸಿಕೊಂಡರು. ನನಗೆ ಹೆಮ್ಮೆಯಾಯಿತು. ಅಷ್ಟು ಹೆಮ್ಮೆ ಅವನ ಬಗ್ಗೆ ನನಗೆ ಎಂದೂ ಆಗಿರಲಿಲ್ಲ.

“ಕೆಮ್ಮಣ್ಣ,” ಎಂದ. ನಿಂತ. “ಓ ಅಂದೆ.”

ಈ ಸಲ ಉಸಿರು ಬೇಗ ಬರಲಿಲ್ಲ. ಎರಡೂ ಕೈಯಲ್ಲಿ ಕಂಬ ಹಿಡಿದು ತಲೆ ತಗ್ಗಿಸಿದ. ಜನ ಅದನ್ನು ವಂದನೆ ಎಂದುಕೊಂಡರು. ಹಿಂದಿನಿಂದ ಯಾರೋ ಚಪ್ಪಾಳೆ ಶುರು ಮಾಡಿದರು, ಮರುಕ್ಷಣ ಶಾಮಿಯಾನವೇ ಚಪ್ಪಾಳೆಯಾಯಿತು. ಕೆಲವರು ಎದ್ದು ನಿಂತರು.

ನಾನೂ ಎದ್ದು ನಿಂತೆ. “ಮುಗಿದಿಲ್ರೀ! ಇನ್ನೂ ಐತಿ!” ಎಂದು ಕೂಗಿದೆ. ಹಿಂದಿನ ಸಾಲಿನವರೊಬ್ಬರು ನನ್ನ ಮಾತನ್ನೇ ಎತ್ತಿಕೊಂಡು, “ಹೌದ್ರಿ, ಇನ್ನೊಂದು ಓದಸ್ರಿ!” ಎಂದರು. ನಿರೂಪಕ ನಮ್ಮ ಕಡೆ ಕೈಮುಗಿದು, ಸಮಯದ ಅಭಾವವಿದೆ, ದಯವಿಟ್ಟು ಸಹಕರಿಸಬೇಕು ಎಂದ. ಅಣ್ಣ ತಲೆ ಎತ್ತಿ, ತಡೆಯಿರಿ ಎಂದು ಒಂದು ಕೈ ಮೇಲೆತ್ತಿದ. ಜನ ಅದನ್ನು ನಮಸ್ಕಾರ ಎಂದುಕೊಂಡು ಮತ್ತಷ್ಟು ಜೋರಾಗಿ ತಟ್ಟಿದರು. ಬಳಗದ ಹಿರಿಯರು ಬಂದು ಶಾಲು ಹೊದಿಸಿದರು. ಶಾಲು ಹೊದ್ದೇ ಅವನು ಮುಂದಿನ ಸಾಲಿಗೆ ಬಾಯಿ ತೆರೆದ. ಅಷ್ಟರಲ್ಲಿ ಮೈಕು ನಿರೂಪಕನ ಕಡೆ ತಿರುಗಿ, ಮುಂದಿನ ಕವಯಿತ್ರಿಯ ಹೆಸರು ಬಂದುಬಿಟ್ಟಿತ್ತು.

ಯಾರ ಮೇಲೆ ಸಿಟ್ಟು ಮಾಡಲಿ? ಎಲ್ಲರೂ ಪ್ರೀತಿಯಿಂದಲೇ ನಡೆದುಕೊಂಡರು. ಅವನ ಕವಿತೆಯ ಬಿಡುವುಗಳನ್ನು ಅಷ್ಟು ಶ್ರದ್ಧೆಯಿಂದ ಕೇಳಿದ ಜನವೇ ಕೊನೆಯ ಬಿಡುವನ್ನು ಮುಕ್ತಾಯ ಎಂದುಕೊಂಡರು. ಅತ್ತಿಗೆಯಂತೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ, “ನೋಡಿದ್ರಿಲ್ಲೋ, ಮಂದಿ ಎದ್ದು ನಿಂತ್ರು,” ಎಂದು ಸಂಭ್ರಮದಲ್ಲಿದ್ದಳು. ಅವಳಿಗೆ ನಿಜ ಹೇಳುವ ಮನಸ್ಸಾಗಲಿಲ್ಲ. ಕಾರಿನಲ್ಲಿ ಅಣ್ಣ ಶಾಲನ್ನು ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತಿದ್ದ. ಅವನ ತುಟಿ ಆಡುತ್ತಿರಲಿಲ್ಲ.

ಮುಂದಿನ ಭಾನುವಾರ ಕಂಪ್ಲಿಗೆ ಹೋದೆ. ಅಂಗಳದಿಂದ ಅವನನ್ನು ಒಳಗಿನ ಮಂಚಕ್ಕೆ ತಂದಿದ್ದರು, ಪಕ್ಕದಲ್ಲಿ ಆಕ್ಸಿಜನ್ ಸಿಲಿಂಡರು. ಅತ್ತಿಗೆ ನೀರಿಗೆ ಹೋದದ್ದನ್ನು ನೋಡಿ ಕೇಳಿದೆ: “ಅಣ್ಣ, ಉಳಿದ ನಾಕು ಸಾಲು ಹೇಳು. ನಾ ಬರಕೋತೀನಿ. ಅವರಿಗೆ ಕಳಸ್ತೀನಿ.”

ಅವನು ಮಾಸ್ಕನ್ನು ಸರಿಸಿದ. “ಮಂದಿಗೆ ಅಲ್ಲೇ ಮುಗದಂಗ ಕೇಳ್ತು,” ಎಂದ. ಮತ್ತೆ ಉಸಿರೆಳೆದುಕೊಂಡು ಕೇಳಿದ: “ನೀ ಪದ್ಯ ಕಲಿಸಾಕಿ. ಖರೆ ಹೇಳು. ಅಲ್ಲೇ ಮುಗೀಬೇಕಾಗಿತ್ತೇನು?”

ನನಗೆ ಉತ್ತರ ಗೊತ್ತಿತ್ತು. ಹಂಪಿಯಿಂದ ಮರಳಿದ ದಿನದಿಂದಲೂ ಗೊತ್ತಿತ್ತು. ಮೊದಲ ಚರಣದಲ್ಲಿ ಬೇರೆಯವರ ಮಾತು, ಎರಡನೆಯದರಲ್ಲಿ ಪದವನ್ನು ಒಡೆಯುವುದು, ಮೂರನೆಯದರಲ್ಲಿ ಒಡೆದದ್ದು ಕೂಡಿ ಅವನ ಹೆಸರಾಗುವುದು. ಹೆಸರು ಹಿಡಿದು ಕರೆದರು, ಇವನು ಓ ಅಂದ. ಆಮೇಲೆ ಇನ್ನೇನು ಹೇಳಲಿಕ್ಕಿದೆ? ಪ್ರಾಸ, ಲಯ, ಸಾಲಿನ ಉದ್ದ, ನಾನು ತರಗತಿಯಲ್ಲಿ ಪಟ್ಟಿ ಹಾಕಿ ಹೇಳುವ ಎಲ್ಲವೂ ಆ ‘ಓ’ ಎಂಬಲ್ಲಿಗೆ ಬಂದು ನಿಲ್ಲುತ್ತಿದ್ದವು. ಅವನು ಬಚ್ಚಿಟ್ಟ ನಾಲ್ಕು ಸಾಲು ಎಷ್ಟೇ ಚೆನ್ನಾಗಿದ್ದರೂ ಕವಿತೆಯನ್ನು ಸಡಿಲ ಮಾಡುತ್ತಿದ್ದವು. ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದ ಜನ ಸರಿಯಾದ ಜಾಗದಲ್ಲೇ ತಟ್ಟಿದ್ದರು, ನನ್ನ ವಿದ್ಯೆಯೆಲ್ಲ ಅವರ ಪರವಾಗಿತ್ತು. ಆ ವಿದ್ಯೆಯನ್ನು ಕಾಲುವೆಗೆ ಎಸೆಯಬೇಕೆನಿಸಿತು.

“ಇಲ್ಲಣ್ಣ,” ಎಂದೆ. “ಇನ್ನೂ ಬೇಕಾಗಿತ್ತು.”

ಅವನು ನನ್ನನ್ನೇ ನೋಡುತ್ತಿದ್ದ. ಕೆಮ್ಮು ಬರದ ಹಾಗೆ, ತುಟಿಯಲ್ಲಿ ಮಾತ್ರ ನಕ್ಕ.

“ಉತ್ತರ ಹೇಳಾಕ ಭಾಳ ಹೊತ್ತು ತಗೊಂಡಿ, ತಂಗಿ,” ಎಂದು ಮಾಸ್ಕನ್ನು ಮತ್ತೆ ಮುಖಕ್ಕೆ ಎಳೆದುಕೊಂಡ. ಆ ನಾಲ್ಕು ಸಾಲುಗಳನ್ನು ಅವನು ಆಮೇಲೆ ಯಾರಿಗೂ ಹೇಳಲಿಲ್ಲ.